ಊಟವಾದ ಅರ್ಧ ಗಂಟೆಯ ಮೇಲೆ

ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮುಂಚೆ ಬೊಕ್ಸಿಮಕ್ಕ ಉಗುರು ತೀಡುತ್ತಿದ್ದಳು. ಕತ್ತರಿಸಲು ಅಲ್ಲಿ ಉಗುರೇ ಇರುತ್ತಿರಲಿಲ್ಲ. ಆದರೂ ಸಣ್ಣ ಅರವೊಂದನ್ನು ಹಿಡಿದು ಹತ್ತು ಬೆರಳನ್ನೂ ಉಜ್ಜಿ, ಒಂದೊಂದರ ತುದಿಯನ್ನೂ ತನ್ನ ಕೆನ್ನೆಯ ಮೇಲೆ ಎಳೆದು ನೋಡುವಳು. ಎಲ್ಲಾದರೂ ಕೂದಲೆಳೆಯಷ್ಟು ತರಚಿದಂತೆ ಅನಿಸಿದರೆ ಮತ್ತೆ ಉಜ್ಜುವಳು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಇದನ್ನು ತಪ್ಪಿಸಿದವಳಲ್ಲ. ದಿನವಿಡೀ ಪರರ ಬರಿಮೈ ಮುಟ್ಟುವ ಕೈ ಅದು.

ಮೊಕ್ಪೊ ಬಂದರಿನ ಹಿಂದಿನ ಓಣಿಯಲ್ಲಿ, ಊರವರು ದುಡ್ಡು ಕೊಟ್ಟು ಮೀಯುವ ಒಕ್ಚನ್ ಸ್ನಾನದ ಮನೆ ಇದೆ. ಅಲ್ಲಿ ಹೆಂಗಸರ ಕಡೆ ಮೈ ಉಜ್ಜುವ ಕೆಲಸ ಅವಳದು. ನಾನು ಬಾಗಿಲಲ್ಲಿ ಕೂತು ಚೀಟಿ, ಟವೆಲು ಕೊಡುವವಳು. ಹದಿನಾಲ್ಕು ವರ್ಷ ಒಂದೇ ಸೂರಿನ ಕೆಳಗೆ ದುಡಿದಿದ್ದೇವೆ.

ಬಿಸಿನೀರಿನ ತೊಟ್ಟಿಯಲ್ಲಿ ನೆನೆದು ಕೆಂಪಗಾದ ಹೆಂಗಸರು ಬಂದು ಅವಳ ಎತ್ತರದ ಹಲಗೆಯ ಮೇಲೆ ಮಲಗುವರು. ಅವಳು ಒರಟು ಬಟ್ಟೆಯ ಗವಸು ತೊಟ್ಟು ಕತ್ತಿನಿಂದ ಹಿಮ್ಮಡಿಯವರೆಗೆ ಉಜ್ಜುವಳು. ಅಂಗೈಯಿಂದ ತೊಡೆಗೆ ಒಮ್ಮೆ ತಟ್ಟಿದರೆ ಮಗ್ಗುಲಾಗಬೇಕು, ಎರಡು ಸಲ ತಟ್ಟಿದರೆ ಬೋರಲು. ಹೊಸಬರಿಗೆ ಮಾತ್ರ ಬಾಯಲ್ಲಿ ಹೇಳಬೇಕಾಗುತ್ತಿತ್ತು. ಹಳಬರೊಂದಿಗೆ ಅವಳ ಬಾಯಿ ಬೇರೆ ಕೆಲಸಕ್ಕೆ.

"ಏನೇ ಇದು, ಉತ್ತ ಗದ್ದೆ ಹಾಗೆ ಮಣ್ಣು ಬರ್ತಾ ಇದೆ. ಹೋದ ಸಲ ಸ್ನಾನ ಮಾಡಿದ್ದು ನಿನ್ನ ಮದುವೇಲಾ?"

"ನಿಮ್ಮ ಕೈಗೇ ಸಿಗ್ಲಿ ಅಂತ ಕೂಡಿಟ್ಟಿದ್ದೆ ಚಿಕ್ಕಮ್ಮ."

"ಚೆನ್ನಾಗಿ ಕೂಡಿಟ್ಟಿದೀಯ. ಮೂಲಂಗಿ ಬಿತ್ತಬಹುದು."

ಯಾರಿಗೆ ಎಲ್ಲಿ ಮಚ್ಚೆ, ಯಾರ ಹೊಟ್ಟೆಯ ಮೇಲೆ ಎಷ್ಟು ಹೊಲಿಗೆ, ಯಾರು ಈ ವರ್ಷ ಸೊರಗಿದ್ದಾರೆ, ಎಲ್ಲವೂ ಅವಳ ಕೈಗೆ ಗೊತ್ತು. ಒಮ್ಮೆ ಮೀನು ಮಾರುವ ಹೆಂಗಸೊಬ್ಬಳ ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ತಗುಲಿತು. ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿ, ಮೈ ಒರೆಸಿ, "ಎದ್ದು ಬಟ್ಟೆ ಹಾಕ್ಕೊ. ಇವತ್ತೇ ಆಸ್ಪತ್ರೆಗೆ ಹೋಗು" ಎಂದು ಕಳಿಸಿದಳು. ಆ ಹೆಂಗಸು ಇಂದಿಗೂ ಮೀನು ಮಾರುತ್ತಿದ್ದಾಳೆ.

ಆದರೆ ಸಂತೆಯಲ್ಲಿ ಎದುರಾದರೆ ಆ ಹೆಂಗಸರು ಬೊಕ್ಸಿಮಕ್ಕನ ಗುರುತು ಹಿಡಿಯುತ್ತಿರಲಿಲ್ಲ. ಕೋಟು ತೊಟ್ಟು, ತಲೆಗೆ ವಸ್ತ್ರ ಸುತ್ತಿಕೊಂಡ ಕುಳ್ಳಿ ಮುದುಕಿ ಯಾರೋ. ಅವಳೂ ಅಷ್ಟೆ. ಮುಖ ನೋಡಿ ಯಾರನ್ನೂ ಗುರುತಿಸಲಾರಳು. "ಬಟ್ಟೆ ಬಿಚ್ಚಿ ಬಂದ್ರೆ ಹೇಳ್ತೀನಿ" ಎಂದು ನಗುತ್ತಿದ್ದಳು.

ಅವಳಿಗೆ ಗಂಡನಿದ್ದ. ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದವನು ಬುಸಾನಿಗೆ ಹೋಗಿ ಅಲ್ಲಿ ಇನ್ನೊಂದು ಮನೆ ಹೂಡಿದ. ಈ ವಿಷಯವನ್ನು ಅವಳು ಹದಿನಾಲ್ಕು ವರ್ಷದಲ್ಲಿ ಒಂದೇ ಸಲ, ಯಾರದೋ ಮನೆಯ ಸುದ್ದಿಯಂತೆ ಹೇಳಿದ್ದಳು. ಮಕ್ಕಳಿಲ್ಲ. ಮೀನುಪೇಟೆಯ ಪಕ್ಕದಲ್ಲಿ ಒಂದು ಕೋಣೆ, ಒಂದು ಒಲೆ. ಆ ಒಲೆ ಹೊತ್ತಿಸುತ್ತಿದ್ದುದು ಬಾರ್ಲಿ ನೀರು ಕುದಿಸಲು, ಗೆಣಸು ಬೇಯಿಸಲು. ಊಟವೆಂದರೆ ಮಧ್ಯಾಹ್ನ ಮೂರಕ್ಕೆ, ಸ್ನಾನದ ಮನೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ. ಕೆಲಸದ ಹೆಂಗಸರೆಲ್ಲ ನೆಲಕ್ಕೆ ಹಾಳೆ ಹಾಸಿ, ತಂದದ್ದನ್ನು ನಡುವೆ ಇಟ್ಟು ಕೂರುತ್ತಿದ್ದೆವು. ಬಾರ್ಲಿ ಅನ್ನ, ಖಾರ ಹಚ್ಚಿ ಹುಳಿಯಿಸಿದ ಎಲೆಕೋಸಿನ ಕಿಮ್ಚಿ, ಹುರಿದ ಒಣಮೀನು, ಬೇಯಿಸಿದ ಮೊಟ್ಟೆ. ಬೊಕ್ಸಿಮಕ್ಕ ಎರಡು ಬಟ್ಟಲು ಉಣ್ಣುತ್ತಿದ್ದಳು. ಈ ಹೆಂಗಸಿಗೆ ಹಸಿವೆಯ ತೊಂದರೆ ಇಲ್ಲ ಎಂದುಕೊಂಡಿದ್ದೆ. ಅದು ಅವಳ ಇಡೀ ದಿನದ ಊಟ ಎಂದು ನಾನು ಲೆಕ್ಕ ಹಾಕಿರಲಿಲ್ಲ.

ಒಬ್ಬೊಬ್ಬರು ಹಲಗೆಯಿಂದ ಎದ್ದಾಗಲೂ ಕೊಳೆ ತೊಳೆಯಲು ಒದ್ದೆ ನೆಲದಲ್ಲಿ ಮೊಣಕಾಲೂರಿ, ಮತ್ತೆ ಎದ್ದು ನಿಂತು, ಮೂವತ್ತೊಂದು ವರ್ಷದಲ್ಲಿ ಮಂಡಿ ಸವೆದುಹೋಯಿತು. ಅರವತ್ತೇಳನೆಯ ವಯಸ್ಸಿಗೆ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದಳು. ಶರತ್ಕಾಲದ ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಒಂದು ಮಂಡಿ, ವಾರ ಬಿಟ್ಟು ಇನ್ನೊಂದು ಮಂಡಿ ತೆಗೆದು ಹೊಸದು ಹಾಕಿದರು. ಹಲಗೆಯ ಕೆಲಸವನ್ನು ಅವಳೇ ಪಳಗಿಸಿದ್ದ ಹ್ಯೆರಾನ್ ವಹಿಸಿಕೊಂಡಳು. ಹ್ಯೆರಾನಳಿಗೆ ನಲವತ್ತೈದರ ಹತ್ತಿರ. ಬಾಯಿ ಜೋರು, ಕೈ ಮೆತ್ತಗೆ.

ಎರಡನೆಯ ಶಸ್ತ್ರಚಿಕಿತ್ಸೆಯ ಮರುದಿನ ನಾನು ಹೋದಾಗ ಡಾಕ್ಟರು ಅವಳ ಮಂಚದ ಬಳಿ ನಿಂತಿದ್ದರು. ಕಿರಿಯ ವಯಸ್ಸಿನವರು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಅಮ್ಮ, ಗಮನ ಇಟ್ಟು ಕೇಳಿ. ಮಂಡಿ ಚೆನ್ನಾಗಿ ಕೂತಿದೆ. ಈಗ ಭಯ ಮಂಡೀದಲ್ಲ, ರಕ್ತದ್ದು. ವರ್ಷಗಟ್ಟಲೆ ನಿಂತು ನಿಮ್ಮ ಕಾಲಿನ ನರ ಎಲ್ಲ ಉಬ್ಬಿದೆ. ಓಡಾಟ ಇಲ್ದೆ ಮಲಗಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ."

"ಅದಕ್ಕೇನು ಮಾಡ್ಬೇಕು?"

"ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡ್ತೀನಿ. ಬೆಳಿಗ್ಗೆ ಒಂದು, ಸಂಜೆ ಒಂದು, ಐದು ವಾರ. ಇಲ್ಲಿ ಎರಡು ವಾರ ನಾವೇ ಕೊಡ್ತೀವಿ. ಮನೇಲಿ ಮೂರು ವಾರ ನೀವು ತಗೋಬೇಕು. ಒಂದೂ ತಪ್ಪಿಸಬಾರದು. ಈ ಬಿಗಿ ಕಾಲ್ಚೀಲ ತೆಗೀಬಾರದು. ಕಾಲು ಊದಿದ್ರೆ, ಎದೆ ಹಿಡಿದ್ರೆ ತಕ್ಷಣ ಬನ್ನಿ."

"ಹೇಳಿದ್ ಕೆಲಸ ತಪ್ಪಿಸೋ ಜಾತಿ ಅಲ್ಲ ನಾನು" ಎಂದಳು ಬೊಕ್ಸಿಮಕ್ಕ. ಅದು ನಿಜವಾಗಿತ್ತು. ತೊಂದರೆಯೂ ಅಲ್ಲೇ ಇತ್ತು.

ದಾದಿ ಬಂದು ಅವಳ ಕಾಲಿಗೆ ಬಿಗಿಯಾದ ಬಿಳಿ ಕಾಲ್ಚೀಲ ಏರಿಸುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. "ಸಾವಿರ ಕಾಲು ತೊಳೆದಿದೀನಿ. ನನ್ನ ಕಾಲು ಇನ್ನೊಬ್ರು ಹಿಡೀತಾರೆ ಅಂದ್ರೆ ಎಲ್ಲಿ ನೋಡ್ಬೇಕೋ ಗೊತ್ತಾಗಲ್ಲ" ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು.

ಪಕ್ಕದ ಮಂಚದಲ್ಲಿ ಜಿಂದೊ ದ್ವೀಪದ ಅಜ್ಜಿಯೊಬ್ಬಳಿದ್ದಳು. ಅವಳದೂ ಮಂಡಿಯೇ. ಮೂವರು ಸೊಸೆಯರು ಸರದಿಯ ಮೇಲೆ ಬುತ್ತಿ ತರುತ್ತಿದ್ದರು, ಅಜ್ಜಿ ಒಬ್ಬೊಬ್ಬಳ ಅಡಿಗೆಯಲ್ಲೂ ಒಂದೊಂದು ಕುಂದು ಎತ್ತುತ್ತಿದ್ದಳು.

"ಏ ಮೊಕ್ಪೊದವಳೆ, ಬಾ ಈ ಕಡೆ ತಿರುಗು. ನನ್ನ ನಡು ಸೊಸೆ ಸಮುದ್ರದ ಉಪ್ಪೆಲ್ಲ ತಂದು ಈ ಸಾರಿಗೆ ಸುರಿದಿದಾಳೆ. ಒಬ್ಬಳೇ ಯಾಕೆ ಸಾಯ್ಲಿ, ನೀನೂ ಒಂದು ಬಟ್ಟಲು ಕುಡಿ."

"ನಂಗೆ ಆಸ್ಪತ್ರೆ ಊಟ ಬಂದಿದೆ ಅಜ್ಜಿ."

"ಅದು ಊಟವಾ? ಅದನ್ನ ತಿಂದ್ರೆ ಹಳೇ ಮಂಡೀನೇ ವಾಪಸ್ ಕೊಡಿ ಅನ್ಸತ್ತೆ. ತಟ್ಟೆ ಇತ್ತ ತಾ."

ಆ ಎರಡು ವಾರ ಬೊಕ್ಸಿಮಕ್ಕ ಮೂರು ಹೊತ್ತೂ ಉಂಡಳು. ಉಂಡ ಅರ್ಧ ಗಂಟೆಗೆ ದಾದಿ ಮಾತ್ರೆ ತಂದು ಕೈಗಿಡುತ್ತಿದ್ದಳು. ಕೆನ್ನೆ ತುಂಬಿಕೊಂಡಿತು. ನಾನು ಸಂಜೆ ಪ್ರಾರ್ಥನೆಗೆ ಕೂತಾಗ ಅವಳ ಹೆಸರು ಬಂದಾಗ ಬೇಡುವುದರ ಬದಲು ದೇವರಿಗೆ ಕೃತಜ್ಞತೆ ಹೇಳತೊಡಗಿದ್ದೆ.

ಬಿಡುಗಡೆಯ ದಿನ ಅವಳನ್ನು ಕರೆದೊಯ್ಯಲು ಬಂದವಳು ನಾನೊಬ್ಬಳೇ. ಆಸ್ಪತ್ರೆಯೆದುರಿನ ಔಷಧಿ ಅಂಗಡಿಯಲ್ಲಿ ಮೂರು ವಾರದ ಮಾತ್ರೆಗಳನ್ನು ಒಂದು ಹೊತ್ತಿಗೆ ಒಂದು ಪೊಟ್ಟಣದಂತೆ ಉದ್ದನೆಯ ಸರ ಮಾಡಿ ಕೊಟ್ಟರು. ನಲವತ್ತೆರಡು ಪೊಟ್ಟಣ. ಹೊರಚೀಲದ ಮೇಲೆ ಅಚ್ಚಾಗಿತ್ತು: ಊಟವಾದ ಮೂವತ್ತು ನಿಮಿಷದ ನಂತರ.

"ಊಟವಾದ ಅರ್ಧ ಗಂಟೆಯ ಮೇಲೆ, ಬೆಳಿಗ್ಗೆ ಒಂದು, ಸಂಜೆ ಒಂದು" ಎಂದು ಅಂಗಡಿಯವಳು ಮುಂದಿನವರ ಚೀಟಿಗೆ ಕೈ ಚಾಚುತ್ತಲೇ ಹೇಳಿದಳು.

ನೆಗಡಿಯ ಮಾತ್ರೆಗೂ ಹಾಗೆಯೇ ಹೇಳುತ್ತಾರೆ, ಹಲ್ಲುನೋವಿನದಕ್ಕೂ ಹಾಗೆಯೇ. ಆ ಚೀಲದ ಮೇಲಿನ ಸಾಲನ್ನು ನಾವು ಚಿಕ್ಕಂದಿನಿಂದ ಓದುತ್ತ ಬಂದಿದ್ದೇವೆ. ಬರಿ ಹೊಟ್ಟೆಗೆ ಔಷಧಿ ಬಿದ್ದರೆ ಕರುಳು ಸುಡುತ್ತದೆ ಎಂದು ನಮ್ಮ ತಾಯಂದಿರು ಹೇಳುತ್ತಿದ್ದರು. ಬೊಕ್ಸಿಮಕ್ಕ ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದನ್ನು ಈಗಲೂ ನೆನೆಯುತ್ತೇನೆ.

ಅವಳ ಕೋಣೆಯಲ್ಲಿ ನೆಲದ ಹಾಸಿಗೆ ಇತ್ತು. ಹೊಸ ಮಂಡಿಗೆ ನೆಲ ಆಗದೆಂದು ಸ್ನಾನದ ಮನೆಯ ಮಾಲಕಿ ಮಡಿಸುವ ಮಂಚ ಕಳಿಸಿದ್ದಳು. ಅದರ ತಲೆದೆಸೆಗೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯಲ್ಲಿ ಮಾತ್ರೆಯ ಸರ. ನಾನು ಅನ್ನ ಮಾಡಿಟ್ಟು, ಸೊಪ್ಪಿನ ಸಾರು ಕುದಿಸಿಟ್ಟು ಬಂದೆ. ಮರುದಿನದಿಂದ ನನಗೆ ಕೆಲಸ. ನನ್ನ ಮನೆ ಊರಿನ ಇನ್ನೊಂದು ತುದಿಗೆ, ಎರಡು ಬಸ್ಸು. ಮಂಗಳವಾರ ಮಾತ್ರ ಸ್ನಾನದ ಮನೆಗೆ ರಜೆ. ಮೊದಲ ಮಂಗಳವಾರ ಹೋದಾಗ ನಾನೇ ಅಡಿಗೆ ಮಾಡಿದೆ. ಇಬ್ಬರೂ ಕೂತು ಉಂಡೆವು, ಅವಳು ನನ್ನೆದುರೇ ಮಾತ್ರೆ ನುಂಗಿದಳು. ಉಳಿದ ದಿನ ಸಂಜೆ ಫೋನು ಮಾಡುತ್ತಿದ್ದೆ.

"ಅಕ್ಕ, ಮಾತ್ರೆ ತಗೊಂಡ್ಯಾ?"

"ಊಟದ ಮೇಲೆ ತಗೋತೀನಿ."

"ಕಾಲು?"

"ಎರಡೂ ಇದಾವೆ. ಓಡಿ ಹೋಗಿಲ್ಲ."

ಪ್ರತಿದಿನವೂ ಅದೇ ಮಾತು: ಊಟದ ಮೇಲೆ ತಗೋತೀನಿ. ಸುಳ್ಳು ಹೇಳುವವಳಲ್ಲವೆಂದು ನನಗೆ ಗೊತ್ತಿತ್ತು. ಸುಳ್ಳು ಹೇಳಲೂ ಇಲ್ಲ. ಊಟ ಮಾಡಿದೆಯಾ ಎಂದು ನಾನು ಬೇರೆಯಾಗಿ ಕೇಳಬೇಕಿತ್ತು.

ಎರಡನೆಯ ಮಂಗಳವಾರ ಬಂತು. ಚಳಿಗಾಲದ ಕಿಮ್ಚಿ ಹಾಕುವ ಕಾಲ. ಹಿಂದಿನ ದಿನ ಮಾಲಕಿಯ ಅಂಗಳದಲ್ಲಿ ನಾವೆಲ್ಲ ಸೇರಿ ಎಲೆಕೋಸಿಗೆ ಮಸಾಲೆ ತುಂಬಿದ್ದೆವು. ಬೊಕ್ಸಿಮಕ್ಕನ ಪಾಲಿನ ಡಬ್ಬಿಯನ್ನೂ, ಜೊತೆಗೆ ತಿನ್ನಲು ಬೇಯಿಸಿದ ಹಂದಿಮಾಂಸವನ್ನೂ ಹೊತ್ತು ಹ್ಯೆರಾನ್ ಮತ್ತು ನಾನು ಬೆಳಿಗ್ಗೆ ಹತ್ತಕ್ಕೆ ಅವಳ ಬಾಗಿಲು ತಟ್ಟಿದೆವು.

ಬಾಗಿಲು ತೆಗೆಯಲು ಬಹಳ ಹೊತ್ತಾಯಿತು. ಬಾಗಿಲಿಗೂ ಮಂಚಕ್ಕೂ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗೆ ಅವಳು ನಡುವೆ ಒಮ್ಮೆ ಗೋಡೆ ಹಿಡಿದು ನಿಂತಳು. ಮುಖ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು. ಮಂಚದ ಅಂಚಿಗೆ ಕೂತು ಎದೆಯ ಮೇಲೆ ಅಂಗೈ ಇಟ್ಟುಕೊಂಡಳು.

"ಏನಾಯ್ತು ದೊಡ್ಡಕ್ಕ?" ಹ್ಯೆರಾನ್ ಡಬ್ಬಿ ಕೆಳಗಿಟ್ಟಳು.

"ಇಲ್ಲಿ ಏನೋ ಹಿಡ್ಕೊಂಡ ಹಾಗಿದೆ. ನಿನ್ನೆಯಿಂದ. ಉಸಿರು ಮೇಲೇ ನಿಲ್ಲತ್ತೆ, ಕೆಳಗಿಳಿಯಲ್ಲ."

"ಅನ್ನ ಸಿಕ್ಕಿಕೊಂಡಿದೆ. ಅಷ್ಟೇ. ಸೂಜಿ ಎಲ್ಲಿದೆ?"

ನಮ್ಮಲ್ಲಿ ಇದು ಎಲ್ಲ ಮನೆಯಲ್ಲೂ ಇರುವ ವೈದ್ಯ. ತಿಂದದ್ದು ಜೀರ್ಣವಾಗದೆ ಎದೆಯಲ್ಲಿ ನಿಂತರೆ ಬೆನ್ನು ತಟ್ಟಿ, ತೋಳಿನಿಂದ ಕೆಳಕ್ಕೆ ರಕ್ತ ನೀವಿ ತಂದು, ಹೆಬ್ಬೆರಳಿಗೆ ದಾರ ಬಿಗಿದು ಉಗುರಿನ ಬುಡದಲ್ಲಿ ಸೂಜಿ ಚುಚ್ಚುತ್ತೇವೆ. ಕಪ್ಪು ರಕ್ತ ಹೊರಬಂದರೆ ಸಿಕ್ಕಿದ್ದು ಸಡಿಲವಾಗುತ್ತದೆ ಎಂದು ನಂಬಿಕೆ. ಹ್ಯೆರಾನ್ ಬೆನ್ನು ತಟ್ಟಿದಳು, ತೋಳು ನೀವಿದಳು, ದಾರ ಸುತ್ತಿದಳು. ಸೂಜಿಯನ್ನು ತನ್ನ ತಲೆಗೂದಲಿಗೆ ಎರಡು ಸಲ ತೀಡಿ ಚುಚ್ಚಿದಳು. ನಾನು ಆ ಹೆಬ್ಬೆರಳು ಹಿಡಿದುಕೊಂಡಿದ್ದೆ. ಹುರುಳಿಕಾಳಿನಷ್ಟು ರಕ್ತ ಮೂಡಿತು.

"ನೋಡಿ, ಎಷ್ಟು ಕಪ್ಪು. ಎಮ್ಮೆ ನುಂಗಿದಾರೆ ದೊಡ್ಡಕ್ಕ. ಏನ್ ತಿಂದ್ರಿ ನಮ್ಮನ್ ಬಿಟ್ಟು?"

"ಏನೂ ಇಲ್ಲ ಕಣೇ" ಎಂದಳು ಬೊಕ್ಸಿಮಕ್ಕ.

ನಾನು ಕೇಳಿದೆ: "ಬೆಳಿಗ್ಗೆ ಏನು ತಿಂದೆ ಅಕ್ಕ?"

"ಬೆಳಿಗ್ಗೆ ಯಾವತ್ತು ತಿಂತೀನಿ ನಾನು."

"ನಿನ್ನೆ ರಾತ್ರಿ?"

"ಬಾರ್ಲಿ ನೀರು."

"ನಿನ್ನೆ ಮಧ್ಯಾಹ್ನ?"

ಅವಳು ಯೋಚಿಸಬೇಕಾಯಿತು. "ಗೆಣಸು. ಅರ್ಧ."

ಹ್ಯೆರಾನಳ ಕೈಯಲ್ಲಿ ಸೂಜಿ ಹಾಗೇ ನಿಂತಿತು. ತಿಂದೇ ಇಲ್ಲದವಳ ಎದೆಯಲ್ಲಿ ಸಿಕ್ಕಿಕೊಳ್ಳಲು ಏನಿದೆ? ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದೆ. ಮಾತ್ರೆಯ ಸರ ಅಂದವಾಗಿ ಸುರುಳಿ ಸುತ್ತಿ ಕೂತಿತ್ತು. ಆ ಹೊತ್ತಿಗೆ ಹದಿನೆಂಟು ಪೊಟ್ಟಣ ಉಳಿದಿರಬೇಕಿತ್ತು. ಎಣಿಸಿದೆ. ಮೂವತ್ತಮೂರು ಇದ್ದವು.

"ಅಕ್ಕ, ಮಾತ್ರೆ ಯಾಕೆ ತಗೊಂಡಿಲ್ಲ?"

"ತಗೊಂಡಿದೀನಲ್ಲ. ಉಂಡ ದಿನ ತಗೊಂಡಿದೀನಿ. ನೀನು ಬಂದಾಗ ತಗೊಂಡೆ. ಸಾರು ಇರೋವರೆಗೂ ತಗೊಂಡೆ. ಊಟದ ಮೇಲೆ ಅಂತ ಬರೆದಿದೆ, ಊಟ ಇಲ್ದೆ ಹೇಗೆ ತಗೊಳ್ಳೋದು?"

ಹ್ಯೆರಾನ್ ಅಷ್ಟರಲ್ಲಿ ನೆಲಕ್ಕೆ ಕೂತು ಅವಳ ಪೈಜಾಮ ಮೇಲೆತ್ತಿದ್ದಳು. ಬಿಗಿ ಕಾಲ್ಚೀಲ ಇರಲಿಲ್ಲ. ಒಬ್ಬಳೇ ಏರಿಸಲಾಗದೆ ಅದನ್ನು ಮಡಿಸಿ ದಿಂಬಿನಡಿ ಇಟ್ಟಿದ್ದಳು. ಹ್ಯೆರಾನ್ ಬಲ ಮೀನಖಂಡ ಹಿಡಿದು ನೋಡಿದಳು. ಆಮೇಲೆ ಎಡದ್ದು. ಎಡದರ ಮೇಲೆ ಅವಳ ಬೆರಳು ನಿಂತವು. ಅವಳದೂ ಮೈ ಬಲ್ಲ ಕೈ.

"ದೊಡ್ಡಕ್ಕ, ಇದು ಕಟ್ಟಿಗೆ ಹಾಗಿದೆ. ಬಿಸಿ ಬೇರೆ. ನಿಮ್ಮ ಕೈಗೆ ಗೊತ್ತಾಗ್ಲಿಲ್ವಾ?"

"ನನ್ನ ಕಾಲು ನಾನು ಯಾಕೆ ಮುಟ್ಟಿ ನೋಡ್ಲಿ" ಎಂದಳು ಬೊಕ್ಸಿಮಕ್ಕ.

ನಾನು ಆಂಬುಲೆನ್ಸಿಗೆ ಫೋನು ಮಾಡಿದೆ. ಬರುವವರೆಗೆ ಹ್ಯೆರಾನ್ ಅವಳ ಬೆನ್ನಿಗೆ ತನ್ನ ಎದೆಯೊಡ್ಡಿ ಕೂತಿದ್ದಳು. ಬೊಕ್ಸಿಮಕ್ಕ ಉಸಿರಿನ ನಡುವೆ ಹೇಳುತ್ತಲೇ ಇದ್ದಳು: "ರಜೆ ದಿನ ಹಾಳು ಮಾಡ್ದೆ ನಿಮ್ಮದು. ಮಾಂಸ ತಣ್ಣಗಾಗ್ತಾ ಇದೆ, ನೀವಾದ್ರೂ ತಿನ್ನಿ." ಸ್ಟ್ರೆಚರಿನ ಮೇಲೆ ಮಲಗಿಸುವಾಗ ಓಣಿಯಲ್ಲಿ ಏಳೆಂಟು ಹೆಂಗಸರು ಸೇರಿದ್ದರು. ಅವರಲ್ಲಿ ನಾಲ್ವರು ಅವಳ ಹಲಗೆಯ ಮೇಲೆ ಮಲಗಿದವರೆಂದು ಚೀಟಿ ಕೊಡುವ ನನಗೆ ಗೊತ್ತು. ಯಾರ ಮನೆಯವಳು ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಿದ್ದಳು.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅದರ ಚೂರುಗಳು ಶ್ವಾಸಕೋಶ ಸೇರಿದ್ದವು. ಇನ್ನೂ ದೊಡ್ಡ ಚೂರು ಕಿತ್ತು ಬರುವ ಮೊದಲೇ ಕರೆತಂದಿರಿ ಎಂದರು ತುರ್ತು ವಿಭಾಗದ ಡಾಕ್ಟರು. ಮೂಗಿಗೆ ಆಮ್ಲಜನಕ, ಹೊಟ್ಟೆಯ ಚರ್ಮಕ್ಕೆ ಸೂಜಿಮದ್ದು. ಮೊದಲ ಎರಡು ದಿನ ಏನನ್ನೂ ಹೇಳಲಾಗದು ಎಂದು ಡಾಕ್ಟರು ಕೈ ತೊಳೆಯುತ್ತ ಹೇಳಿದರು. ಹೊರಗಿನ ಬೆಂಚಿನಲ್ಲಿ ಕೂತು ನಾನು ಜಪಸರ ಹಿಡಿದೆ. ಮಣಿ ಜಾರುತ್ತಿತ್ತು, ಪ್ರಾರ್ಥನೆಯ ಮಾತು ಬಾಯಿಗೆ ಬರುತ್ತಿರಲಿಲ್ಲ. ಔಷಧಿ ಅಂಗಡಿಯಲ್ಲಿ ತಲೆಯಾಡಿಸಿದ ಆ ಒಂದು ಗಳಿಗೆಯನ್ನೇ ದೇವರ ಮುಂದೆ ಇಟ್ಟೆ. ನನ್ನಲ್ಲಿ ಬೇರೇನೂ ಇರಲಿಲ್ಲ.

ಮೂರನೆಯ ದಿನ ಅವಳ ತುಟಿಗೆ ಬಣ್ಣ ಬಂತು. ಅದೇ ಕಿರಿಯ ಡಾಕ್ಟರು ಬಂದು ಮಂಚದ ಕಾಲಬದಿಗೆ ನಿಂತರು. ಸಿಟ್ಟಾಗಿದ್ದರು.

"ಒಂದೂ ತಪ್ಪಿಸಬಾರದು ಅಂತ ಹೇಳಿದ್ದೆ ಅಮ್ಮ."

"ಊಟದ ಮೇಲೆ ಅಂತ ಬರೆದಿತ್ತು ಡಾಕ್ಟರೇ."

"ಆದ್ರೆ?"

"ಊಟ ಆಗಿರ್ಲಿಲ್ಲ."

ಡಾಕ್ಟರು ಮಂಚದ ಪಕ್ಕದ ಸ್ಟೂಲು ಎಳೆದು ಕೂತರು. ಬೇರೆ ದನಿಯಲ್ಲಿ ಹೇಳಿದರು: "ಅದು ಎಲ್ಲ ಚೀಲದ ಮೇಲೂ ಇರತ್ತೆ, ನೆನಪಿರ್ಲಿ ಅಂತ ಹಾಕೋ ಮಾತು. ಈ ಮಾತ್ರೆಗೆ ಊಟ ಬೇಕಿಲ್ಲ. ಹಸಿದ ಹೊಟ್ಟೇಲೂ ತಗೋಬಹುದು. ಇದನ್ನ ನಾನೇ ಹೇಳ್ಬೇಕಿತ್ತು."

"ಬರೀ ನೀರಲ್ಲಿ?"

"ಬರೀ ನೀರಲ್ಲಿ. ಆದ್ರೆ ಊಟಾನೂ ಮಾಡ್ಬೇಕು, ಅದು ಬೇರೆ ವಿಷಯ. ನಿಮ್ಮ ಮನೇಲಿ ಯಾರಿದಾರೆ?"

"ನಾನಿದೀನಿ" ಎಂದಳು ಬೊಕ್ಸಿಮಕ್ಕ.

ಡಾಕ್ಟರು ಹೋದ ಮೇಲೆ ನಾನು ಸೇಬು ಹೆಚ್ಚುತ್ತಿದ್ದೆ.

"ಅನ್ನ ಮಾಡ್ಕೊಂಡಿದ್ದೆ ಕಣೇ" ಎಂದಳು ಬೊಕ್ಸಿಮಕ್ಕ. "ಮಾಡ್ಲಿಲ್ಲ ಅಂತ ಅಂದ್ಕೋಬೇಡ. ಒಂದು ಬಟ್ಟಲು ಅಕ್ಕಿ ಹಾಕಿ ಮಾಡಿದೆ. ಬಟ್ಟಲಿಗೆ ಹಾಕ್ಕೊಂಡು ಮೇಜಿನ ಮುಂದೆ ಕೂತೆ. ಒಂದು ತುತ್ತು ಇಟ್ಕೊಂಡ್ರೆ ಅಗಿಯೋ ಸದ್ದು ಕಿವಿಗೆ ಕೇಳ್ಸತ್ತೆ. ನಂದೇ ಸದ್ದು. ನಮ್ಮಲ್ಲಿ ಮೂರು ಗಂಟೆಗೆ ಎಷ್ಟು ಗಲಾಟೆ ಇರತ್ತೆ, ಅಗಿಯೋದು ಯಾರಿಗೆ ಕೇಳ್ಸತ್ತೆ. ಮನೇಲಿ ಆ ಸದ್ದು ಕೇಳ್ಕೊಂಡು ಎರಡನೇ ತುತ್ತು ಇಳೀಲಿಲ್ಲ. ಬಟ್ಟಲು ಮುಚ್ಚಿಟ್ಟೆ. ಮಾರನೇ ದಿನಾನೂ ಹಾಗೇ ಆಯ್ತು. ಆಮೇಲೆ ಮಾಡೋದು ಬಿಟ್ಟೆ."

"ನಂಗೆ ಒಂದು ಮಾತು ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ಅರವತ್ತೇಳು ವರ್ಷದವಳು, ನಂಗೆ ಉಣ್ಣೋಕೆ ಬರಲ್ಲ ಅಂತಾನಾ?"

ಸೇಬಿನ ತಟ್ಟೆಯನ್ನು ಅವಳ ಎದೆಯ ಮೇಲಿಟ್ಟೆ. ಎರಡು ಹೋಳು ತಿಂದಳು. ಹೋಳು ಕಚ್ಚುವಾಗ ನಾನು ಕಿಟಕಿಯ ಕಡೆ ತಿರುಗಿ, ಹ್ಯೆರಾನ್ ಹಿಂದಿನ ದಿನ ಒಬ್ಬ ಗಿರಾಕಿಯ ಜೊತೆ ಆಡಿದ ಜಗಳವನ್ನು ದೊಡ್ಡ ದನಿಯಲ್ಲಿ ಹೇಳಿದೆ.

ಹನ್ನೊಂದು ದಿನಕ್ಕೆ ಮನೆಗೆ ಬಂದಳು. ಈ ಸಲ ಮಾತ್ರೆ ಆರು ತಿಂಗಳಿಗೆ. ನಾನು ಔಷಧಿ ಅಂಗಡಿಯವಳ ಕೈಯಿಂದ ಪೆನ್ನು ಇಸಿದುಕೊಂಡು ಚೀಲದ ಮೇಲಿನ ಸಾಲನ್ನು ಅಡ್ಡಗೀಟು ಹಾಕಿ ಅಳಿಸಿದೆ. ಬೆಳಿಗ್ಗೆ ಏಳು, ಸಂಜೆ ಏಳು ಎಂದು ಬರೆದೆ. ಮೊಣಕಾಲೂರಿ ಮಾಡುವ ಕೆಲಸ ಇನ್ನು ಮುಂದೆ ಬೇಡವೆಂದು ಡಾಕ್ಟರು ಹೇಳಿದ್ದರು. ಹಲಗೆ ಹ್ಯೆರಾನಳದೇ ಆಯಿತು. ಬೊಕ್ಸಿಮಕ್ಕ "ಅವಳ ಕೈ ಎಡಕ್ಕೆ ಸ್ವಲ್ಪ ಭಾರ. ಹೇಳು ಅವಳಿಗೆ" ಎಂದಳು, ಅಷ್ಟೆ.

ಮೂರು ಗಂಟೆಯ ಊಟಕ್ಕಾದರೂ ಸ್ನಾನದ ಮನೆಗೆ ಬಾ ಎಂದು ಎಲ್ಲರೂ ಕರೆದೆವು. ಒಂದು ಸಲ ಬಂದಳು. ನಾವು ನೆಲದಲ್ಲಿ ಕೂತಿದ್ದೆವು, ಅವಳಿಗೆ ನೆಲದಲ್ಲಿ ಕೂರಲಾಗದು. ಮಾಲಕಿ ಕುರ್ಚಿ ತರಿಸಿದಳು. ಕುರ್ಚಿಯಲ್ಲಿ ಕೂತು, ಬಟ್ಟಲನ್ನು ಕೈಯಲ್ಲಿ ಹಿಡಿದು, ಕೆಳಗೆ ನಮ್ಮ ನೆತ್ತಿಗಳನ್ನು ನೋಡುತ್ತ ಉಂಡಳು. ಯಾರಾದರೂ ಒಣಮೀನು ಎತ್ತಿ ಕೊಡಬೇಕಿತ್ತು. "ಮದುವೆ ಹೆಣ್ಣು ಹಾಗೆ ಎತ್ತರದಲ್ಲಿ ಕೂತಿದೀರಲ್ಲ ದೊಡ್ಡಕ್ಕ" ಎಂದು ಹ್ಯೆರಾನ್ ನಗಿಸಲು ನೋಡಿದಳು. ಬೊಕ್ಸಿಮಕ್ಕ ನಕ್ಕಳು. ಮತ್ತೆ ಬರಲಿಲ್ಲ.

ಫೆಬ್ರುವರಿಯ ಒಂದು ಮಂಗಳವಾರ ಅವಳ ಮನೆಯಲ್ಲಿದ್ದೆ. ಸಿಂಪಿಯ ಸಾರು ಮಾಡಿದ್ದೆ, ಸಂಜೆ ಬೇಗನೇ ಉಂಡಾಗಿತ್ತು. ಕಿಟಕಿಯಾಚೆ ಮೀನುಪೇಟೆಯವರು ನೆಲಕ್ಕೆ ನೀರು ಸುರಿದು ಪೊರಕೆಯಿಂದ ಉಜ್ಜುತ್ತಿದ್ದರು. ಅವಳು ಮೊದಲಿಗಿಂತ ತೆಳ್ಳಗಾಗಿದ್ದಳು. ಮಾತ್ರೆಯ ಸರ ಸರಿಯಾದ ಉದ್ದಕ್ಕೆ ಇತ್ತು. ಬಂದಾಗಲೆಲ್ಲ ನಾನು ಎಣಿಸುವುದು ಅವಳಿಗೂ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇರುತ್ತಿದ್ದಳು. ಆದರೆ ಅಕ್ಕಿಯ ಡಬ್ಬಿ ಹೋದ ವಾರ ನಾನು ನೋಡಿದಷ್ಟೇ ಇತ್ತು.

ನಾನು ಬಹಳ ದಿನದಿಂದ ಯೋಚಿಸಿದ್ದನ್ನು ಹೇಳಿದೆ.

"ಅಕ್ಕ, ಮಾರ್ಚಿಂದ ನನ್ನ ಪಾಳಿ ಬದಲಾಗತ್ತೆ. ಐದಕ್ಕೇ ಬಿಡುಗಡೆ. ದಿನಾ ಸಂಜೆ ಇಲ್ಲಿಗೇ ಬರ್ತೀನಿ. ಇಬ್ರೂ ಊಟ ಮಾಡೋಣ, ನೀನು ಮಾತ್ರೆ ತಗೊಂಡ ಮೇಲೆ ನಾನು ಹೊರಡ್ತೀನಿ. ನನಗೂ ಮನೇಲಿ ಯಾರು ಕಾಯ್ತಿದಾರೆ."

ಅವಳು ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟಳು.

"ಎರಡು ಬಸ್ಸು" ಎಂದಳು.

"ಕೂತ್ಕೊಂಡೇ ಬರೋದಲ್ವಾ."

"ನೀನು ಒಂದು ತಿಂಗಳು ಬರ್ತೀಯ. ಎರಡು ತಿಂಗಳು ಬರ್ತೀಯ. ಬರಲ್ಲ ಅಂತ ಹೇಳ್ತಿಲ್ಲ, ನೀನು ಬರೋಳೇ. ಆದ್ರೆ ಒಂದಿನ ನಿಂಗೆ ಜ್ವರ ಬರತ್ತೆ, ಇಲ್ಲ ಹಿಮ ಬಿದ್ದು ಬಸ್ಸು ನಿಲ್ಲತ್ತೆ. ಆವತ್ತು ನಾನು ಎರಡು ಬಟ್ಟಲು ಇಟ್ಕೊಂಡು ಬಾಗಿಲು ನೋಡ್ತಾ ಕೂರ್ಬೇಕು. ಬಾಗಿಲು ನೋಡ್ತಾ ಕೂತಿದ್ದು ಒಂದು ಸಲ ಸಾಕಾಗಿದೆ ನಂಗೆ."

"ಹಾಗಾದ್ರೆ ಊಟ?"

"ಹಸಿವಾದಾಗ ಏನಾದ್ರೂ ತಿಂತೀನಿ. ಮಾತ್ರೆಗೆ ನೀರು ಸಾಕು ಅಂದಿದಾರಲ್ಲ."

ಗೋಡೆಯ ಗಡಿಯಾರದಲ್ಲಿ ಆರೂವರೆ. ಇನ್ನೂ ಅರ್ಧ ಗಂಟೆ ಇತ್ತು. ಆದರೂ ಅವಳು ಒಂದು ಪೊಟ್ಟಣ ಹರಿದು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನಾನು ನೋಡುವಂತೆ ಕತ್ತೆತ್ತಿ ನೀರು ಕುಡಿದಳು. ಲೋಟ ಕೆಳಗಿಟ್ಟು ಗೋಡೆ ಹಿಡಿಯದೆ ಎದ್ದು ನಿಂತಳು. ಹೊಸ ಮಂಡಿ ಚೆನ್ನಾಗಿ ಕೂತಿತ್ತು. ಮೊಳೆಯಲ್ಲಿದ್ದ ನನ್ನ ಕೋಟನ್ನು ತಂದು, ತೋಳು ಹಾಕಿಕೊಳ್ಳಲು ಅನುವಾಗುವಂತೆ ಹಿಡಿದಳು.

"ಬೇಡ ಕಣೇ" ಎಂದಳು. "ಮಂಗಳವಾರ ಬಾ. ಸಾಕು."